ಮೂಗಮ್ಮನ ತಲೆಯಾಡಿಕೆ

ಆ ಹೋಟೆಲಿನ ಅಡುಗೆಮನೆಯಲ್ಲಿ ಅವಳನ್ನು ಎಲ್ಲರೂ ಮೂಗಮ್ಮ ಎನ್ನುತ್ತಿದ್ದರು. ಮಾತು ಬಾರದವಳೆಂದಲ್ಲ, ಬಾಯಿ ಅವಳಿಗೆ ಬೇಕಾದಷ್ಟಿತ್ತು. ಆದರೆ ಇಪ್ಪತ್ತೆರಡು ವರ್ಷಗಳಿಂದ ಸಂಬಳ ಬರುತ್ತಿದ್ದದ್ದು ಮೂಗಿಗೆ. ತರಕಾರಿ ಹೆಚ್ಚುವುದು ನೆಪಮಾತ್ರ. ಫ್ರಿಜ್ಜಿನಿಂದ ಹೊರಬಂದ ಹಾಲು, ಮೀನು, ಮಾಂಸ ಎಲ್ಲವೂ ಮೊದಲು ಅವಳ ಮೂಗಿನಡಿ ಹಾಯಬೇಕು. ಮೂಸಿ ತಲೆಯಾಡಿಸಿದರೆ ಒಲೆಗೆ, ಮೂಗು ಮುರಿದರೆ ಮೋರಿಗೆ. ಫ್ರಿಜ್ಜಿನ ತಂಪು ತೋರಿಸುವ ಮಾಪಕ ಕೆಟ್ಟು ನಾಲ್ಕು ವರ್ಷವಾಗಿತ್ತು. “ನಮ್ಮ ಮೂಗಮ್ಮ ಇರುವಾಗ ಅದ್ಯಾಕೆ?” ಎಂದು ಯಜಮಾನ ಮೀಸೆ ತಿರುವುತ್ತಿದ್ದ.

ಆ ಮೂಗು ಸತ್ತು ಮೂರು ತಿಂಗಳಾಗಿತ್ತು.

ಒಂದು ವಾರ ಜ್ವರ, ನೆಗಡಿ. ನೆಗಡಿಯೇನೋ ಹೋಯಿತು, ಹೋಗುವಾಗ ವಾಸನೆಯನ್ನೂ ಗಂಟುಕಟ್ಟಿಕೊಂಡು ಹೋಯಿತು. ಮನೆಯಲ್ಲಿ ಹಾಲು ಸೀದು, ಹೊಗೆ ಕಣ್ಣಿಗೆ ಚುಚ್ಚಿದಾಗಲೇ ಅವಳಿಗೆ ತಿಳಿದದ್ದು. ಪಾತ್ರೆಯ ಕಪ್ಪನ್ನು ಉಜ್ಜಿ ಉಜ್ಜಿ ತೆಗೆದಳು, ಯಾರಿಗೂ ಹೇಳಲಿಲ್ಲ. ಮಗ ಹಡಗಿನ ಕೆಲಸಕ್ಕೆ ಹೋದವನು ವರ್ಷ ತುಂಬದೆ ಬರುವಂತಿಲ್ಲ. ಸೊಸೆ ಏಳು ತಿಂಗಳ ಬಸುರಿ. ಮೂಗಿಲ್ಲದ ಮೂಗಮ್ಮನನ್ನು ಯಾರು ಇಟ್ಟುಕೊಳ್ಳುತ್ತಾರೆ?

ಹಿತ್ತಲ ಬಾಗಿಲಲ್ಲಿ, ನೀರಿನ ಡ್ರಮ್ಮಿನ ಮರೆಯಲ್ಲಿ, ಒಂಟಿಕಿವಿಯ ಬೆಕ್ಕೊಂದಿತ್ತು. “ಬೆಳಕಲ್ಲಿ ನೋಡ್ತೀನಿ” ಎಂದು ಚಮಚದಲ್ಲಿ ತುಣುಕು ಹಿಡಿದು ಅವಳು ಅಲ್ಲಿಗೆ ಹೋಗತೊಡಗಿದಳು. ಬೆಕ್ಕು ತಿಂದರೆ ಒಳಬಂದು ತಲೆಯಾಡಿಸುವಳು. ಅದು ಮುಖ ತಿರುಗಿಸಿದರೆ ತಾನೂ ಮುಖ ಸಿಂಡರಿಸುವಳು. ಹೀಗೆ ಮೂರು ತಿಂಗಳು ಆ ಹೋಟೆಲನ್ನು ನಡೆಸಿದ್ದು ಬೆಕ್ಕು, ಅದೂ ಸಂಬಳವಿಲ್ಲದೆ.

“ಏನ್ ಮೂಗಮ್ಮ, ನಿಮ್ಮ ಮೂಗಿಗೂ ಈಗ ಗಾಳಿಸೇವನೆ ಬೇಕಾ?” ಎಂದು ಅಡುಗೆಯವ ಕೆಣಕುವನು.

“ನಿನ್ನ ಪಕ್ಕ ನಿಂತು ಮೂಸಿದ್ರೆ ಯಾವ್ದು ಕೋಳಿ, ಯಾವ್ದು ನೀನು ಅಂತ ಹೇಗಪ್ಪಾ ಹೇಳ್ಲಿ?”

ಮೊನ್ನೆ ಕರೆಂಟು ಹೋಗಿ ಫ್ರಿಜ್ಜು ಅರ್ಧ ದಿನ ಬೆಚ್ಚಗೆ ಕೂತಿತ್ತು. ನಿನ್ನೆ ಅದರೊಳಗಿಂದ ಬೇಯಿಸಿಟ್ಟ ಕೋಳಿಯ ದೊಡ್ಡ ಪಾತ್ರೆ ಹೊರಬಂದಾಗ ಬೆಕ್ಕು ಚಮಚವನ್ನೂ ಬಿಡದೆ ನೆಕ್ಕಿತು. ಮೂಗಮ್ಮ ತಲೆಯಾಡಿಸಿದಳು. ಅರ್ಧ ಪಾತ್ರೆ ಗಿರಾಕಿಗಳ ತಟ್ಟೆ ಸೇರಿತು. ಒಂದು ಡಬ್ಬ ಸೊಸೆಗೆಂದು ಮನೆಗೂ ಹೋಯಿತು. ಇವತ್ತು ಬೆಳಿಗ್ಗೆ ಹೊರಡುವಾಗ ಸೊಸೆಯ ಕೋಣೆಯ ಬಾಗಿಲು ಇನ್ನೂ ಮುಚ್ಚಿತ್ತು. ಮಲಗಲಿ ಪಾಪ ಎಂದುಕೊಂಡು ಎಬ್ಬಿಸಿರಲಿಲ್ಲ.

ಹನ್ನೊಂದಕ್ಕೆ ಅಡುಗೆಯವ ಉಳಿದರ್ಧವನ್ನು ಅವಳ ಮುಂದಿಟ್ಟ. “ಬೇಗ ಹೇಳ್ಬಿಡಿ. ಒಂದು ಗಂಟೆಗೆ ಮೂವತ್ತು ಜನ ಬರ್ತಾರೆ.”

ಚಮಚ ಹಿಡಿದು ಹೋದಳು. ಬೆಕ್ಕು ಬರಲಿಲ್ಲ. ಪುಸ್ ಪುಸ್ ಎಂದಳು. ಚಮಚದ ಹಿಡಿಯಿಂದ ಡ್ರಮ್ಮನ್ನು ತಟ್ಟಿದಳು. ಕೊನೆಗೆ ಮಂಡಿಯೂರಿ ಬಗ್ಗಿ ನೋಡಿದಳು. ವಾಂತಿಯ ನಡುವೆ, ಗೋಡೆಗೆ ಬೆನ್ನು ಕೊಟ್ಟು ಅದು ಬಿದ್ದಿತ್ತು. ಮುಟ್ಟಿದರೆ ಒಣಗಿ ಸೆಟೆದ ನೆಲ ಒರೆಸುವ ಬಟ್ಟೆಯ ಹಾಗೆ. ಕೆಟ್ಟದ್ದೆಲ್ಲ ನಾರುತ್ತದೆ ಎಂಬ ನಂಬಿಕೆಯ ಮೇಲೆ ಆ ಅಡುಗೆಮನೆ ನಿಂತಿತ್ತು. ಬೆಕ್ಕೂ ಹಾಗೇ ನಂಬಿತ್ತು.

ಒಳಗೆ ಯಜಮಾನ ಕಾದಿದ್ದ. “ಏನಂತೆ ಮೂಗು?”

ತಲೆ ಅಭ್ಯಾಸಬಲದಿಂದ ಆಡಲು ಹೊರಟಿತ್ತು. ಒಂದು ಸಲ ಆಡಿಸಿದರೆ ಸಾಕು, ಕೆಲಸ ಉಳಿಯುತ್ತದೆ. ಅವಳು ಪಾತ್ರೆಯ ಎರಡು ಕಿವಿ ಹಿಡಿದು ಎತ್ತಿ ಮೋರಿಗೆ ಬಗ್ಗಿಸಿದಳು.

“ಅಯ್ಯೋ! ಅಷ್ಟು ನಾರ್ತಿತ್ತಾ?”

“ಗೊತ್ತಿಲ್ಲ ಸ್ವಾಮಿ. ನನಗೆ ವಾಸನೇನೇ ಬರಲ್ಲ. ಮೂರು ತಿಂಗಳಾಯ್ತು.”

ಯಜಮಾನನ ಕೈ ಮೀಸೆಯ ಮೇಲೇ ನಿಂತಿತು. ಅಡುಗೆಯವ ಒಲೆ ಆರಿಸಿದ. “ಹಾಗಾದ್ರೆ... ನಿನ್ನೆ ಕಳಿಸಿದ್ದು?” ಎಂದ, ಮೆಲ್ಲಗೆ.

ಆ ಪ್ರಶ್ನೆ ಕೇಳಿದಾಗಲೇ ಅವಳಿಗೆ ಡಬ್ಬ ನೆನಪಾದದ್ದು. ಜಿಡ್ಡು ಕೈಯಲ್ಲೇ ಗೋಡೆಯ ಫೋನು ಎತ್ತಿ ಮನೆಗೆ ಮಾಡಿದಳು. ಅಲ್ಲಿ ಅದು ಬಹಳ ಹೊತ್ತು ಬಡಿದುಕೊಂಡಿತು.

“ಅತ್ತೆ...” ಸೊಸೆಯ ದನಿ ಬಾವಿಯೊಳಗಿಂದ ಬಂದಂತಿತ್ತು. “ಬೆಳಗಿನ ಜಾವದಿಂದ ಹೊಟ್ಟೆ ಹಿಂಡ್ತಿದೆ. ನಿಲ್ಲಕ್ಕೂ ಆಗ್ತಿಲ್ಲ.”

“ಡಬ್ಬ? ಆ ಡಬ್ಬದ್ದು ತಿಂದ್ಯಾ?”

“ಪೂರ್ತಿ ತಿಂದೆ. ಅದರದ್ದೇನಲ್ಲ ಬಿಡಿ ಅತ್ತೆ,” ಸೊಸೆ ಉಸಿರೆಳೆದುಕೊಂಡು, ಸಮಾಧಾನ ಹೇಳುವವಳಂತೆ ಅಂದಳು. “ನೀವು ಮೂಸಿ ತಂದಿದ್ದಲ್ವಾ?”