ಸುಂಕದ ಕೋಣೆಗೆ ಬಂದ ಕೂಸು

ಮೊನ್ನೆ ಅಂಗಡಿಯಿಂದ ತಂದ ಬೆಲ್ಲದ ಪೊಟ್ಟಣ ಬಿಚ್ಚಿದಾಗ, ಸುತ್ತಿದ್ದ ಹಳೇ ಪೇಪರಿನಲ್ಲಿ ಅರ್ಧ ಸುದ್ದಿಯೊಂದು ಕಣ್ಣಿಗೆ ಬಿತ್ತು. ಯಾವುದೋ ದೇಶ ತನ್ನ ಗೋಧಿ ಹೊರಗೆ ಹೋಗಬಾರದೆಂದು ಗಡಿ ಮುಚ್ಚಿದೆಯಂತೆ. ನೆರೆ ದೇಶದವರು ಮಾತುಕತೆಗೆ ಬಂದಿದ್ದಾರಂತೆ. ಯಾವ ದೇಶ, ಮುಂದೇನಾಯಿತು ಎಂಬ ಭಾಗ ಬೆಲ್ಲಕ್ಕೆ ಅಂಟಿ ಹರಿದುಹೋಗಿತ್ತು. ನಿಮಗೆ ನಗು ಬಂದೀತು, ಆದರೆ ಅಂಥದೊಂದು ಮಾತುಕತೆ ನಡೆದಾಗ ಬಾಗಿಲಾಚೆ ನಾನೂ ನಿಂತಿದ್ದೆ. ಹಿತ್ತಾಳೆಯ ಬಿಲ್ಲೆ ಹಾಕಿಕೊಂಡು.

ಆಗ ನಮ್ಮದು ನಿಜಾಮರ ರಾಜ್ಯ. ಸುತ್ತಲಿನವರ ಬಾಯಲ್ಲಿ ಮೊಗಲಾಯಿ. ಸೇಡಂ, ಚಿತ್ತಾಪುರದ ಕಡೆಯಿಂದ ಬರುವ ನಮ್ಮ ಗಾಡಿ ವಾಡಿಗೆ ಬಂದು ನಿಲ್ಲುತ್ತಿತ್ತು. ಅದೇ ಸ್ಟೇಶನ್ನಿನಲ್ಲಿ ಆಚೆ ನಿಲ್ಲುವ ಮುಂಬಯಿ ಗಾಡಿ ಇಂಗ್ರೇಜಿ ಸರಕಾರದ್ದು. ಈ ಗಾಡಿ ಇಳಿದು ಆ ಗಾಡಿ ಹತ್ತಿದರೆ ದೇಶ ದಾಟಿದ ಹಾಗೆ. ರೂಪಾಯಿ ಬೇರೆ, ಕಾಯಿದೆ ಬೇರೆ, ಸಾಹೇಬರ ಟೊಪ್ಪಿಗೆಯೂ ಬೇರೆ. ನಡುವೆ ಇದ್ದದ್ದು ಶಹಾಬಾದ ಕಲ್ಲು ಹಾಸಿದ ನಲವತ್ತು ಹೆಜ್ಜೆ ಜಾಗ ಮತ್ತು ಒಂದು ಸುಂಕದ ಕೋಣೆ.

ಹೆಂಗಸರ ಗಂಟು ತಪಾಸಣೆ ಮಾಡಲು ಒಬ್ಬ ಹೆಂಗಸು ಬೇಕಿತ್ತು. ಗಂಡ ತೀರಿಕೊಂಡು ವರ್ಷವಾಗಿದ್ದ ನನಗೆ ಮಾವನವರು ಆ ಕೆಲಸ ಕೊಡಿಸಿದರು. ಕೆಲಸದ ಜೊತೆ ಕೊಟ್ಟ ಸರಕಾರಿ ಬಿಲ್ಲೆಯ ಸೊಕ್ಕು ಎಷ್ಟಿತ್ತೆಂದರೆ, ಬಾವಿಗೆ ನೀರಿಗೆ ಹೋಗುವಾಗಲೂ ಅದನ್ನು ಸೀರೆಗೆ ಚುಚ್ಚಿಕೊಂಡೇ ಹೋಗುತ್ತಿದ್ದೆ. ಕೊಡ ತಗುಲಿ ಟಣ್ ಎಂದರೆ ಎಲ್ಲರೂ ತಿರುಗಿ ನೋಡಲಿ ಎಂಬ ಆಸೆ.

ದೊಡ್ಡ ಲಡಾಯಿ, ಎರಡನೇ ಮಹಾಯುದ್ಧ, ನಡೆದಿದ್ದ ಕಾಲ. ನಮ್ಮ ಕಡೆ ಅಷ್ಟಿಷ್ಟು ಜೋಳವಿತ್ತು. ಸೊಲ್ಲಾಪುರದ ಕಡೆಯ ಹಳ್ಳಿಗಳಲ್ಲಿ ಒಲೆ ಹೊತ್ತುವುದೇ ಕಷ್ಟವಾಗಿತ್ತು. ಒಂದು ಹಿಡಿ ಕಾಳೂ ರಾಜ್ಯ ದಾಟಬಾರದೆಂದು ಹುಕುಂ ಬಂತು. ಹೆಂಗಸರು ಉಡಿಯಲ್ಲಿ, ತುರುಬಿನಲ್ಲಿ, ತಂಬಿಗೆಯ ತಳದಲ್ಲಿ ಜೋಳ ಬಚ್ಚಿಟ್ಟು ತರುತ್ತಿದ್ದರು. ನಾನು ಹಿಡಿಯುತ್ತಿದ್ದೆ. ಅದರಲ್ಲಿ ನನಗೊಂದು ಖುಷಿಯೂ ಇತ್ತೆಂದು ಹೇಳಿಬಿಡುತ್ತೇನೆ. ಈ ವಯಸ್ಸಿನಲ್ಲಿ ಮುಚ್ಚಿಟ್ಟು ಏನು ಮಾಡಲಿ?

ಒಂದು ಮಧ್ಯಾಹ್ನ ನಿಂಗವ್ವ ಬಂದಳು. ತವರು ಮಳಖೇಡ, ಗಂಡನ ಊರು ಸೊಲ್ಲಾಪುರದ ಕಡೆ. ಅಣ್ಣ ರೈಲ್ವೆ ಗ್ಯಾಂಗಿನವನಾದ್ದರಿಂದ ಗಾಡಿಯಲ್ಲಿ ಅವಳನ್ನು ಟಿಕೀಟು ಕೇಳಿ ಯಾರೂ ತಡೆಯುತ್ತಿರಲಿಲ್ಲ. ಹೆಗಲ ಮೇಲೆ, ಹಳೆ ಬಟ್ಟೆ ಸೇರಿಸಿ ಹೊಲಿದ ಕೌದಿ ತುಂಡಿನಲ್ಲಿ ಸುತ್ತಿದ ಕೂಸು.

"ಬಿಚ್ಚು" ಅಂದೆ.

"ನಿದ್ದಿ ಹತ್ತ್ಯಾದ್ರಿ ಅಕ್ಕಾರ. ಎಬ್ಬಸಬ್ಯಾಡ್ರಿ."

ಜೋಳವೇ ಇರಬೇಕೆಂದು ನಾನೇ ಕೌದಿಯೊಳಗೆ ಕೈ ಹಾಕಿದೆ. ಬೆರಳಿಗೆ ಒಂದು ಪುಟ್ಟ ಪಾದ ಸಿಕ್ಕಿತು. ಹೊರಗೆ ಕಲ್ಲು ಕಾಲು ಸುಡುವಷ್ಟು ಕಾದಿತ್ತು. ಆ ಪಾದ ಮಾತ್ರ ಬಾವಿಯ ತಳದಷ್ಟು ತಣ್ಣಗಿತ್ತು.

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. "ಅದರಪ್ಪನ ಹೊಲದಾಗ ಮಣ್ಣು ಕೊಡಬೇಕ್ರಿ. ಹೆಣ ಅಂತ ತಿಳದ್ರ ಗಾಡ್ಯಾಗಿಂದ ಇಳಸ್ತಾರ. ನಿದ್ದಿ ಹತ್ತ್ಯಾದ ಅಂತ ನೀವೂ ಅನ್ರಿ."

"ನಿದ್ದಿ ಹತ್ತ್ಯಾದ" ಅಂದೆ. ಅವಳು ಗಾಡಿ ಹತ್ತಿದಳು.

ಹದಿನೈದು ದಿನಕ್ಕೆ ಮತ್ತೆ ಬಂದಳು. ಅದೇ ಕೌದಿ, ಹೆಗಲ ಮೇಲೆ ಅಷ್ಟೇ ಉದ್ದದ ಗಂಟು. "ನಿದ್ದಿ ಹತ್ತ್ಯಾದ್ರಿ" ಅಂದಳು. ನನಗೆ ಮುಟ್ಟುವ ಧೈರ್ಯವಾಗಲಿಲ್ಲ, ಕೈಬೀಸಿ ಕಳಿಸಿಬಿಟ್ಟೆ. ಅವಳು ಹೋದಮೇಲೆ ಕೋಣೆಯಲ್ಲಿ ಎಳೆಗೂಸಿನ ನೆತ್ತಿಯ ಎಣ್ಣೆ ವಾಸನೆ ಬಹಳ ಹೊತ್ತು ಉಳಿದಿತ್ತು.

ಮೂರನೇ ಸಲ ಮನಸ್ಸು ಗಟ್ಟಿ ಮಾಡಿಕೊಂಡು ಕೌದಿ ಸರಿಸಿದೆ. ಒಳಗೆ ಹಳೆ ಸೀರೆಯ ಚೀಲ, ಅದರ ತುಂಬ ಜೋಳ. ಹಿಡಿದುಬಿಟ್ಟೆ ಎಂದು ಬಾಯಿ ತೆರೆಯಬೇಕು, ಅಷ್ಟರಲ್ಲಿ ಚೀಲದ ಮೇಲೆ, ಕೂಸಿನ ಕೆನ್ನೆ ಇರಬೇಕಾದ ಜಾಗದಲ್ಲಿ, ಕಾಡಿಗೆಯ ದೃಷ್ಟಿಬೊಟ್ಟು ಕಂಡಿತು.

"ಮಾರಿ ಮುಚ್ಚರಿ ಅಕ್ಕಾರ, ಬಿಸಿಲು ಬಡೀತದ" ಅಂದಳು. ದನಿಯಲ್ಲಿ ಮೋಸವಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು, ನಾನು ಬೈದು ಜೋಳ ಕಿತ್ತುಕೊಳ್ಳುತ್ತಿದ್ದೆ. ಮುಖ ಮುಚ್ಚಿ ಕಳಿಸಿದೆ.

ನಾಲ್ಕನೇ ಸಲ ಅವಳು ಬಂದ ದಿನವೇ ಎರಡೂ ಸರಕಾರದ ದೊಡ್ಡ ಅಧಿಕಾರಿಗಳು ವಾಡಿಗೆ ಬಂದಿದ್ದರು. ಪಕ್ಕದ ಹಳಿಯ ಮೇಲೆ ನಿಲ್ಲಿಸಿದ್ದ ಸಲೂನು ಡಬ್ಬಿಯೊಳಗೆ, ದೊಡ್ಡವರಿಗೆಂದೇ ಇರುವ ರೈಲು ಬೋಗಿಯಲ್ಲಿ, ಕುಳಿತಿದ್ದರು. ಇಲ್ಲಿಂದ ಎಷ್ಟು ಡಬ್ಬಿ ಜೋಳ ಹೋಗಬೇಕು, ಅಲ್ಲಿಂದ ಎಷ್ಟು ಅರಿವೆ, ಸೀಮೆಎಣ್ಣೆ ಬರಬೇಕು ಎಂಬ ಮಾತುಕತೆ. ಚಹಾ ಒಳಗೆ ಹೋಗುತ್ತಿತ್ತು, ಖಾಲಿ ಕಪ್ಪು ಹೊರಗೆ ಬರುತ್ತಿತ್ತು. ನಮ್ಮ ಸುಂಕದ ಸಾಹೇಬರು ಬೆವರುತ್ತ, ಹೆಂಗಸರ ತಪಾಸಣೆಗೆ ಕಟ್ಟಿದ್ದ ಪರದೆಯಾಚೆ ನಿಂತು ಕೂಗಿದರು.

"ಇವತ್ತ ಬಿಚ್ಚಲಾರದ ಒಂದ್ ಗಂಟೂ ದಾಟಬಾರದು. ಆ ಹೆಣ್ಮಗಳ ಕೂಸು ಯಾವತ್ತೂ ಅಳೂದಿಲ್ಲಲ್ಲ? ಹೊರಗ ತಗೊಂಡು ಬಾ, ನಾನೇ ನೋಡ್ತೀನಿ."

ಸಿಕ್ಕಿಬಿದ್ದರೆ ಅವಳಿಗೆ ಜೈಲು, ನನ್ನ ನೌಕರಿಯೂ ಹೋಗುತ್ತಿತ್ತು. ನಿಂಗವ್ವ ಕೌದಿಯನ್ನು ನನ್ನ ಕೈಗಿಟ್ಟಳು. "ಕುತ್ತಿಗಿ ಹಿಡೀರಿ, ಇನ್ನೂ ನಿಂತಿಲ್ಲ" ಅಂದಳು. ನಾನು ಅದನ್ನು ಎಡಹೆಗಲಿಗೆ ಹಾಕಿಕೊಂಡು ಹೊರಗೆ ಬಂದೆ.

"ಮೈಮ್ಯಾಲ ಅಮ್ಮ ಎದ್ದಾಳ್ರಿ ಸಾಹೇಬ್ರ, ಹತ್ರ ಬರಬ್ಯಾಡ್ರಿ" ಎಂದು ಸುಳ್ಳು ಹೇಳಿದೆ. ಸಿಡುಬೆಂದರೆ ಯಾರು ತಾನೇ ಹತ್ತಿರ ಬರುತ್ತಾರೆ? ನಂಬಲಿ ಎಂದು ಮೆಲ್ಲಗೆ ತಟ್ಟಿದೆ. ಒಳಗೆ ಕಾಳು ಜಾರಿತು, ಅದು ಕಾಳೇ ಎಂದು ನನಗೆ ಗೊತ್ತಿತ್ತು. ಆಮೇಲೆ ಆದದ್ದು ಅದಲ್ಲ. ಹೆಗಲ ಮೇಲಿನ ಗಂಟು, ಮೈ ಸಡಿಲ ಬಿಟ್ಟ ಕೂಸಿನ ಹಾಗೆ, ನನ್ನ ಕುತ್ತಿಗೆಯ ಪಕ್ಕ ತಾನಾಗಿ ಒರಗಿತು. ಕಿವಿಯ ಕೆಳಗೆ ಬೆಚ್ಚಗೆ ಉಸಿರು ತಾಗಿತು. ಒಮ್ಮೆ. ಇನ್ನೊಮ್ಮೆ.

ಸಾಹೇಬರು ಎರಡು ಹೆಜ್ಜೆ ಹಿಂದೆ ಸರಿದು ಮುಖ ಕಿವುಚಿದರು. "ಅಳಾಕತ್ತದ, ಅವರವ್ವನ ಕೈಯಾಗ ಕೊಡು. ಹೋಗಲಿ."

ನನಗೆ ಅಳು ಕೇಳಿಸಿರಲಿಲ್ಲ.

ನಿಂಗವ್ವ ಕೌದಿ ತೆಗೆದುಕೊಂಡು, ಸಲೂನು ಡಬ್ಬಿಯ ಕಿಟಕಿಯ ಕೆಳಗೇ ಹಾದು, ಆಚೆಯ ಗಾಡಿ ಹತ್ತಿ ಹೋದಳು. ಮತ್ತೆ ಬರಲಿಲ್ಲ. ಮುಂದಿನ ತಿಂಗಳು ಜೋಳ ತುಂಬಿದ ಡಬ್ಬಿಗಳು ಆ ಕಡೆ ಹೊರಟವು. ಮಾತುಕತೆ ಫಲಿಸಿತ್ತು. ಅದನ್ನು ಮಾತ್ರ ನಾನು ಅಲ್ಲಗಳೆಯುವುದಿಲ್ಲ. ಆ ಜೋಳದಿಂದ ಎಷ್ಟೋ ಜನ ಬದುಕಿದರು.

ನಿಜಾಮರ ರಾಜ್ಯ ಹೋಯಿತು. ಸ್ವಲ್ಪ ದಿನಕ್ಕೆ ಸುಂಕದ ಕೋಣೆಗೂ ಬೀಗ ಬಿತ್ತು. ಕೆಲಸವಿಲ್ಲದ ಆ ಬೇಸಿಗೆಯಲ್ಲಿ ನಿಂಗವ್ವನ ಊರು ಹುಡುಕಿಕೊಂಡು ಹೋದೆ. ಅವಳು ಹಿಂದಿನ ಮಳೆಗಾಲದಲ್ಲೇ ಜ್ವರದಿಂದ ತೀರಿಕೊಂಡಿದ್ದಳು. ಹದಿನಾರರ ದೊಡ್ಡ ಮಗಳು ರೊಟ್ಟಿ ಬಡಿಯುತ್ತಿದ್ದಳು. ಹಿಂದೆ ಇಬ್ಬರು ತಮ್ಮಂದಿರು, ಗಟ್ಟಿಮುಟ್ಟಾಗಿದ್ದರು. ವಾಡಿಯಿಂದ ಬಂದೆ ಅಂದಕೂಡಲೇ ಅವಳು ಕೈ ತೊಳೆದುಕೊಂಡು ಎದುರಿಗೆ ಕೂತಳು.

"ಅವ್ವ ಜೋಳ ತಂದ ದಿನ ನಾವು ಮುಟ್ಟಂಗಿರಲಿಲ್ರಿ" ಅಂದಳು. "ಮೊದಲ ತೊಟ್ಟಲದಾಗ ಹಾಕತಿದ್ಲು. ಜೋಗುಳ ಹಾಡಿ ತೂಗತಿದ್ಲು. ನಮಗ ಹೊಟ್ಟಿ ಹಸ್ತು ಜೀವ ಹೋಗತಿತ್ತು. 'ಪೂರಾ ನಿದ್ದಿ ಹತ್ಲಿ ತಡೀರಿ, ಎಚ್ಚರಿದ್ದಾಗ ಬೀಸಬಾರದು' ಅಂತಿದ್ಲು. ಆಮ್ಯಾಲೆ ಬೀಸಾಕ ಕೂಡತಿದ್ಲು."

"ಆಕಿ?"

"ಆಕಿ ಒಂದ್ ತುತ್ತೂ ತಿನ್ನಲಿಲ್ರಿ. ಸರಕಾರದ ಜೋಳ ಬಂದಮ್ಯಾಲೆ ಅದನ್ನ ತಿಂದ್ಲು. ಇದು ಬರೇ ಜೋಳ ಅಂದ್ಲು."

ಆ ಹುಡುಗಿ ನನಗೆ ರೊಟ್ಟಿ ಹಾಕಿದಳು. ತಿಂದು ಬಂದೆ.

ಬಹಳ ವರ್ಷ ಆ ದಿನದ ನನ್ನ ಸುಳ್ಳನ್ನು ದಯೆ ಎಂದು ಜನರ ಮುಂದೆ ಹೇಳಿಕೊಂಡಿದ್ದೇನೆ, ಬಿಲ್ಲೆ ಚುಚ್ಚಿಕೊಂಡಷ್ಟೇ ಸೊಕ್ಕಿನಿಂದ. ದಯೆಯಲ್ಲ, ಹೆದರಿಕೆ. ಬಿಚ್ಚಿದರೆ ಒಳಗೆ ಈ ಸಲ ಏನಿರುತ್ತದೋ ಎಂಬ ಹೆದರಿಕೆ. ಇವತ್ತು ನಿಮ್ಮೆದುರು ಅಷ್ಟು ಒಪ್ಪಿಕೊಂಡೆ.

ಈಗಲೂ ಕೆಲವು ಮಧ್ಯಾಹ್ನ, ಮನೆಯಲ್ಲಿ ಯಾರೂ ಇಲ್ಲದಾಗ, ಎಡಹೆಗಲು ಇದ್ದಕ್ಕಿದ್ದಂತೆ ಭಾರವಾಗುತ್ತದೆ. ಮೊದಲೆಲ್ಲ ಗಾಬರಿಯಿಂದ ಸೆರಗು ಕೊಡವಿ ಏಳುತ್ತಿದ್ದೆ. ಈಚೆಗೆ ಏಳುವುದಿಲ್ಲ. ಅಲುಗಾಡದೆ ಕೂತು, ನಿದ್ದೆ ಹತ್ತುವ ತನಕ ಮೆಲ್ಲಗೆ ತಟ್ಟುತ್ತೇನೆ.