ಇಲ್ಲಿ ನೋಡಿ

ಶಿಕಾರಿಪುರದಲ್ಲಿ ಬೈಕಿನ ಬಗ್ಗೆ ಜನರಿಗೆ ಗೊತ್ತಿರುವುದು ಒಂದೇ ಪ್ರಶ್ನೆ: 'ಎಷ್ಟ್ ಕೊಡ್ತೈತ್ರಿ?' ಲೀಟರ್ ಪೆಟ್ರೋಲಿಗೆ ಎಷ್ಟು ಕಿಲೋಮೀಟರು ಓಡುತ್ತದೆ ಅಂತ. ಎಮ್ಮೆ ಕೊಳ್ಳಲು ಬಂದವನು ಹಾಲಿನ ಬಗ್ಗೆ ಕೇಳುವ ಧಾಟಿ. ನನ್ನ ಫೋಟೋ ಸ್ಟುಡಿಯೋದ ಮೆಟ್ಟಿಲ ಪಕ್ಕ ನನ್ನ ಹಳೇ ಟೂ ಸ್ಟ್ರೋಕ್ ಗಾಡಿ ನಿಂತಿರುತ್ತದೆ. ಅದರ ಸದ್ದಿಗೆ ಯಾರಾದರೂ ತಿರುಗಿ ನಿಂತರೆ ನನಗೆ ಒಳಗೊಳಗೇ ಖುಷಿ. ಬಾಯಿ ಬಿಟ್ಟ ಕೂಡಲೇ ಅದೇ ಪ್ರಶ್ನೆ. 'ಇದು ಕೊಡಂಗಿಲ್ಲ ಮಾರಾಯ, ತಗೊಂತೈತಿ' ಎಂದು ಅಟ್ಟಿಬಿಡುತ್ತೇನೆ.

ಇವರಾದರೂ ವಾಸಿ. ನನಗೆ ಮೈ ಉರಿಯುವುದು ವೀಲಿಂಗ್ ಮಾಡುವವರನ್ನು ಕಂಡರೆ. ಮುಂದಿನ ಗಾಲಿ ಎತ್ತಿಕೊಂಡು ಹಿಂದಿನ ಗಾಲಿಯೊಂದರ ಮೇಲೆ ಓಡಿಸುವುದಂತೆ. ಗಾಡಿ ಮಾಡಿದವನಿಗೇನು ತಲೆ ಕೆಟ್ಟು ಎರಡು ಗಾಲಿ ಹಾಕಿದ್ದನೇ? ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವ ಗಾದೆ ಇವರಿಗಾಗಿಯೇ ಹುಟ್ಟಿದ್ದು. ಕನ್ನಡಿ ಕಿತ್ತು ಎಸೆಯುತ್ತಾರೆ, ಸೈಲೆನ್ಸರ್ ಕೊರೆಸುತ್ತಾರೆ, ಆಮೇಲೆ ಮೊಬೈಲಿನಲ್ಲಿ ತಮ್ಮ ವೀಡಿಯೋವನ್ನು ತಾವೇ ಹತ್ತು ಸಲ ನೋಡಿಕೊಂಡು ಹಲ್ಲು ಕಿರಿಯುತ್ತಾರೆ. ಅಂಥವರಿಗೆ ಎಂಜಿನ್ ಅಂದರೇನು ಅಂತ ಕೇಳಿ ನೋಡಿ, ಬೆಬ್ಬೆಬ್ಬೆ.

ನನ್ನ ಗ್ರಹಚಾರಕ್ಕೆ ಅಂಥವನೊಬ್ಬ ಹೆಂಡತಿಯ ತವರಲ್ಲೇ ಇದ್ದ. ನನ್ನ ಭಾವಮೈದ. ಸೊರಬದಲ್ಲಿ ಜಮೀನು ಅಳೆಯುವ ಸರ್ವೆ ಕೆಲಸ. ವಯಸ್ಸು ಮೂವತ್ತನಾಲ್ಕು. ವಾರವಿಡೀ ಹದ್ದುಬಸ್ತಿನ ಕಲ್ಲು ಹುಡುಕಿ, ಅಣ್ಣತಮ್ಮಂದಿರ ಜಗಳದ ಮಧ್ಯೆ ಟೇಪು ಹಿಡಿದು ನಿಲ್ಲುವ ಗಂಭೀರ ಮನುಷ್ಯ, ಭಾನುವಾರ ಬಂತೆಂದರೆ ಮೊಣಕಾಲಿಗೆ ಪ್ಯಾಡು ಕಟ್ಟಿಕೊಂಡು ಸರ್ಕಸ್ಸಿನವನಾಗುತ್ತಿದ್ದ. ಕಂಡಾಗಲೆಲ್ಲ ನಾನು 'ಏನಪ್ಪಾ, ಇನ್ನೂ ಒಂದ್ ಗಾಲಿನೇ?' ಎಂದು ಕೆಣಕುತ್ತಿದ್ದೆ. ಅವನು ನಕ್ಕು ನನ್ನ ಗಾಡಿಯ ಕಾರ್ಬ್ಯುರೇಟರ್ ವಿಷಯ ತೆಗೆಯುತ್ತಿದ್ದ. ಅಲ್ಲಿಗೆ ನಾನು ಸೋತೆ. ಅದೊಂದು ಮಾತು ಶುರುವಾದರೆ ನಾವಿಬ್ಬರೂ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಇಡೀ ಎರಡು ತಾಲ್ಲೂಕಿನಲ್ಲಿ 'ಎಷ್ಟು ಕೊಡುತ್ತದೆ' ಎಂದು ಕೇಳದಿದ್ದವನು ಅವನೊಬ್ಬನೇ. ಅದಕ್ಕೇ ಅವನ ಮೇಲೆ ಸಿಟ್ಟು ಜಾಸ್ತಿ. ಇಷ್ಟು ತಿಳಿದವನು ಹೀಗೆ ಕೋತಿ ಚೇಷ್ಟೆ ಮಾಡುತ್ತಾನಲ್ಲ ಅಂತ.

ನಮ್ಮ ಮಾವನವರಿಗೆ ಮಗನ ಈ ಹುಚ್ಚು ಕಂಡರಾಗದು. ಆದರೂ ನ್ಯಾಯವಂತರು, ದುಡಿಯುವ ಮಗನ ಗಾಡಿಯನ್ನು ಸುಮ್ಮಸುಮ್ಮನೆ ಕಸಿಯಲಿಲ್ಲ. ಒಂದು ಮಾತು ತೆಗೆದುಕೊಂಡಿದ್ದರು: 'ನಿನ್ನ ಹುಚ್ಚಾಟಕ್ಕೆ ನೀ ಬಿದ್ದೆ ಅಂತಾದ್ರೆ ಗಾಡಿ ಮಾರೋದೇ.' ಅವನು ಒಪ್ಪಿದ್ದ. ಆರು ವರ್ಷದಲ್ಲಿ ಒಂದು ಸಲವೂ ಬಿದ್ದಿರಲಿಲ್ಲ.

ಕಳೆದ ಬೇಸಿಗೆಯಲ್ಲಿ ಅವನು ನನ್ನನ್ನು ಕೇಳಿದ. ಮೊಬೈಲಿನ ವೀಡಿಯೋ ಸಾಕಾಗಿದೆ, ಒಂದು ಒಳ್ಳೆಯ ಫೋಟೋ ಬೇಕು, ಭಾವ ತೆಗೆದರೆ ಮಾತ್ರ ಆಗುವುದು ಅಂತ. ಹೊಗಳಿಕೆಗೆ ಬಗ್ಗದವರು ಯಾರಿದ್ದಾರೆ? ಬೈಯುತ್ತಲೇ ಕ್ಯಾಮೆರಾ ಬ್ಯಾಗು ಹೆಗಲಿಗೇರಿಸಿ ಹೊರಟೆ.

ಜಾಗ, ಸೊರಬದಿಂದ ಜಡೆ ಊರಿನ ಕಡೆಗೆ ಹೋಗುವಾಗ ಸಿಗುವ, ಮುಚ್ಚಿಹೋದ ಒಂದು ಅಕ್ಕಿ ಗಿರಣಿ. ಹಿಂದೆ ಭತ್ತ ಒಣಗಿಸುತ್ತಿದ್ದ ದೊಡ್ಡ ಸಿಮೆಂಟು ಕಣ. ಅಲ್ಲಿಗೆ ಹೋದವನೇ ಅವನು ಮಾಡಿದ ಮೊದಲ ಕೆಲಸ ಕಸ ಗುಡಿಸುವುದು. ಕಡ್ಡಿ ಪೊರಕೆ ಹಿಡಿದು ಒಂದು ತಾಸು ಗುಡಿಸಿದ. ಒಂದು ಜಲ್ಲಿ ಕಲ್ಲು ಬಿಡಲಿಲ್ಲ, ಒಂದು ಭತ್ತದ ಹೊಟ್ಟು ಬಿಡಲಿಲ್ಲ. ಮನೆಯಲ್ಲಿ ಒಂದು ದಿನ ಪೊರಕೆ ಮುಟ್ಟಿದ್ದೀಯೇನಪ್ಪಾ ಎಂದು ಕೇಳಿದೆ. ಆಮೇಲೆ ಸುಣ್ಣದ ಪುಡಿಯಲ್ಲಿ ಉದ್ದಕ್ಕೂ ಒಂದು ಗೆರೆ ಎಳೆದ. ಆ ಗೆರೆಯ ಕೊನೆಯಲ್ಲಿದ್ದ ಕಂಬವನ್ನೇ ನೋಡಿಕೊಂಡು ಗಾಡಿ ಓಡಿಸುವುದು ಅವನ ಪದ್ಧತಿ.

'ಭಾವ, ಕಣ್ಣು ಎಲ್ಲಿ ಹೋಗ್ತದೋ ಗಾಡಿ ಅಲ್ಲಿಗೇ ಹೋಗ್ತದೆ. ಅದಷ್ಟೇ ವಿದ್ಯೆ' ಎಂದ.

ಅಬ್ಬಾ, ಎಂಥ ವೇದಾಂತ ಎಂದು ನಕ್ಕೆ.

ಮೊದಲ ಭಾನುವಾರದ ಫೋಟೋಗಳಲ್ಲಿ ನನ್ನ ಮರ್ಯಾದೆ ಹೋಯಿತು. ಶಟರ್ ತೀರಾ ವೇಗಕ್ಕೆ ಇಟ್ಟಿದ್ದರಿಂದ ಗಾಲಿಯ ಕಡ್ಡಿಗಳೆಲ್ಲ ಎಣಿಸುವ ಹಾಗೆ ನಿಂತಿದ್ದವು. ನನ್ನ ಹೆಂಡತಿ ನೋಡಿ, ಗಾಡಿಯನ್ನು ಹಗ್ಗದಲ್ಲಿ ಎತ್ತಿ ಕಟ್ಟಿ ತೆಗೆದಿರಾ ಎಂದಳು. ಎರಡನೆಯ ವಾರ ಶಟರ್ ನಿಧಾನ ಮಾಡಿ, ಗಾಡಿಯ ಜೊತೆಗೇ ಕ್ಯಾಮೆರಾ ತಿರುಗಿಸುವುದನ್ನು ಕಲಿತೆ. ಓಟ ಬಂತು, ಮುಖ ಬರಲಿಲ್ಲ. ಹೆಲ್ಮೆಟ್ಟು, ಅದರ ಗಾಜು. ಮೂವತ್ತು ವರ್ಷ ಮದುವೆ ಫೋಟೋ ತೆಗೆದವನು ನಾನು. ಮುಖವಿಲ್ಲದ್ದು ನನ್ನ ಪ್ರಕಾರ ಫೋಟೋನೇ ಅಲ್ಲ. ಯಾರು ಬೇಕಾದರೂ ಆಗಬಹುದಲ್ಲ, ಒಳಗಿರುವವನು? ಮೂರನೆಯ ವಾರ ಗಾಜು ಮೇಲೆತ್ತಿಸಿದೆ. ಆಗಲೂ ಅವನ ಕಣ್ಣು ಆ ದರಿದ್ರ ಕಂಬದ ಮೇಲೇ.

ನನ್ನ ಕಸುಬಿನ ಬಗ್ಗೆ ಒಂದು ಮಾತು ಹೇಳಬೇಕು. ನಮ್ಮ ಕಡೆ ಮದುವೆ ನಡೆಸುವುದು ಪುರೋಹಿತರಲ್ಲ, ಫೋಟೋದವನು. 'ಇಲ್ಲಿ ನೋಡಿ' ಎಂದು ನಾನು ಒಂದು ಮಾತು ಅಂದರೆ ಸಾಕು, ತಾಳಿ ಹಿಡಿದ ಕೈ ಅಲ್ಲೇ ನಿಲ್ಲುತ್ತದೆ, ಅಳುತ್ತಿರುವ ಹೆಣ್ಣಿನ ತಾಯಿ ಕಣ್ಣೊರೆಸಿಕೊಂಡು ನಗುತ್ತಾಳೆ, ಮಂತ್ರ ನಿಂತು ಭಟ್ಟರೂ ಇತ್ತ ತಿರುಗುತ್ತಾರೆ. ಕ್ಯಾಮೆರಾ ಕಣ್ಣಿಗೆ ಹಿಡಿದರೆ ಆ ಮಾತು ತಾನಾಗಿ ಬರುತ್ತದೆ. ಒಮ್ಮೆ ಆಧಾರ್ ಕಾರ್ಡಿಗೆಂದು ತಂದ ಎಳೆಗೂಸಿಗೂ ಅಂದಿದ್ದೇನೆ, ಅದೂ ನೋಡಿತ್ತು.

ನಾಲ್ಕನೆಯ ಭಾನುವಾರ ಅವನು ಬಿದ್ದ. ಗಾಲಿ ಎತ್ತಿಕೊಂಡು ಬಂದವನು ಅರ್ಧ ದಾರಿಯಲ್ಲಿ ಗೆರೆ ಬಿಟ್ಟು ನೇರ ನನ್ನ ಕಡೆಗೇ ತಿರುಗಿದ. ಇನ್ನೇನು ಬಂತು ಅನ್ನುವಷ್ಟರಲ್ಲಿ ಗಾಡಿಯನ್ನು ಮಗ್ಗುಲಿಗೆ ಮಲಗಿಸಿಬಿಟ್ಟ. ಗಾಡಿ ನನ್ನ ಪಾದದಿಂದ ಎರಡು ಮೊಳ ದೂರ ಬಂದು ನಿಂತಿತು. ಅವನ ಬಲಗೈ ಮಣಿಕಟ್ಟು ಮುರಿದಿತ್ತು. ನಾನು ಮಾಡಿದ ಮೊದಲ ಕೆಲಸ ಬಾಯಿ ತುಂಬ ಬೈದದ್ದು. ಕೈಲಾಗದಿದ್ದರೆ ಯಾಕೆ ಮಾಡಬೇಕು, ನನ್ನನ್ನೇ ಕೊಲ್ಲುತ್ತಿದ್ದೆಯಲ್ಲ ಅಂತ. ಅವನು ಎಡಗೈಯಲ್ಲಿ ಗಾಡಿಯ ಪೆಟ್ರೋಲಿನ ನಲ್ಲಿ ತಿರುಗಿಸಿ ಬಂದ್ ಮಾಡಿದ.

ಆಸ್ಪತ್ರೆಯಲ್ಲಿ ಕೈಗೆ ಪಟ್ಟಿ ಹಾಕಿಸಿ ಮನೆಗೆ ಕರೆತಂದೆ. ಮಾವ ಜಗುಲಿಯಲ್ಲಿ ಕೂತಿದ್ದರು. ಹೇಗೆ ಬಿದ್ದೆ ಎಂದು ಮಗನನ್ನು ಕೇಳಿದರು. ಅವನು ನೆಲ ನೋಡಿಕೊಂಡು ಹೇಳಿದ: 'ಕಣದಲ್ಲಿ ಜಲ್ಲಿ ಇತ್ತಪ್ಪ. ಗಾಲಿ ಜಾರ್ತು.'

ನನಗೆ ನಗು ತಡೆಯಲಿಲ್ಲ. 'ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ' ಎಂದೆ, ಮನೆಮಂದಿಯೆಲ್ಲ ಕೇಳುವ ಹಾಗೆ.

ಮಾವ ನನ್ನ ಕಡೆ ತಿರುಗಿದರು. 'ನೀವು ಅಲ್ಲೇ ಇದ್ರಲ್ಲ. ಜಲ್ಲಿ ಇತ್ತಾ ಇಲ್ವಾ?'

'ಜಲ್ಲಿ ಎಲ್ಲಿಂದ ಬರ್ತೈತ್ರಿ ಮಾವ? ತಾಸುಗಟ್ಟಲೆ ತಾನೇ ಕಸ ಹೊಡೆದಾನ. ಬರೇ ಶೋಕಿ.'

ಭಾವಮೈದ ತಲೆಯೆತ್ತಿ ನನ್ನನ್ನು ಒಂದು ಸಲ ನೋಡಿದ. ಆಮೇಲೆ ಎಡಗೈಯಲ್ಲಿ ಕಷ್ಟಪಟ್ಟು ಚಹಾದ ಲೋಟ ಎತ್ತಿಕೊಂಡ.

ಆ ವಾರವೇ ಗಾಡಿ ಮಾರಿಹೋಯಿತು. ಕೊಂಡವನು ಜಡೆ ಕಡೆಯವನು. ಬಂದವನೇ ಎಷ್ಟು ಕೊಡ್ತದೆ ಎಂದು ಕೇಳಿದನಂತೆ. ಕೈಗೆ ಪಟ್ಟಿ ಕಟ್ಟಿಕೊಂಡೇ ಇವನು ಸಮಾಧಾನವಾಗಿ ಉತ್ತರ ಹೇಳಿ, ಎಡಗೈಯಲ್ಲೇ ಬೀಗದ ಕೈ ಕೊಟ್ಟು ಒಳಗೆ ಹೋದನಂತೆ. ಹೆಂಡತಿ ಫೋನಿನಲ್ಲಿ ಕೇಳಿಸಿಕೊಂಡು ನನಗೆ ಹೇಳಿದಳು. ಒಳ್ಳೇದೇ ಆಯ್ತು ಎಂದು ನಾನು ಮಗ್ಗುಲು ಬದಲಿಸಿದೆ.

ತೊಗರ್ಸಿಯ ಒಂದು ಮದುವೆಗೆ ಹೊರಡುವ ಮುನ್ನ ಕ್ಯಾಮೆರಾದ ಕಾರ್ಡು ಖಾಲಿ ಮಾಡಲು ಕೂತಾಗ ಆ ದಿನದ ಕೊನೆಯ ಫೋಟೋ ಸಿಕ್ಕಿತು. ನನ್ನ ಜೀವಮಾನದಲ್ಲಿ ಅಂಥದ್ದು ಇನ್ನೊಂದು ತೆಗೆದಿಲ್ಲ. ಮುಂದಿನ ಗಾಲಿ ಆಕಾಶದಲ್ಲಿ, ಹಿಂದಿನ ಗೋಡೆ ನೀರಿನ ಹಾಗೆ ಹರಿದಿದೆ, ಮಧ್ಯದಲ್ಲಿ ಮುಖ ಮಾತ್ರ ಸ್ಪಷ್ಟ. ನೆಲ ಬೋಳು, ಎಲ್ಲೂ ಒಂದು ಕಲ್ಲಿಲ್ಲ. ಅವನು ಕಂಬ ನೋಡುತ್ತಿಲ್ಲ. ನನ್ನನ್ನು ನೋಡುತ್ತಿದ್ದಾನೆ, ನಗುತ್ತಿದ್ದಾನೆ. ಆ ನಗು ನನಗೆ ಚೆನ್ನಾಗಿ ಗೊತ್ತು. ಮೂವತ್ತು ವರ್ಷದಿಂದ ಎಲ್ಲಾ ಮದುಮಕ್ಕಳ ಮುಖದ ಮೇಲೆ ಅದನ್ನು ನೋಡಿದ್ದೇನೆ. ಆ ಎರಡು ಪದ ನಾನು ಹೇಳದೆ ಅದು ಬರುವುದಿಲ್ಲ.

ಮದುವೆ ಮುಗಿಸಿ, ಫೋಟೋವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು ಸೊರಬಕ್ಕೆ ಹೋದೆ. ಭಾವಮೈದ ಜಗುಲಿಯಲ್ಲಿ ಕೂತು ಎಡಗೈಯಲ್ಲಿ ನಕ್ಷೆ ಬರೆಯುವುದನ್ನು ಕಲಿಯುತ್ತಿದ್ದ. ಫೋಟೋ ಅವನ ಮುಂದಿಟ್ಟು ನಾನು ಕರೆದೆನಾ ಎಂದು ಕೇಳಿದೆ.

'ಕರೆದ್ರಿ. ನೋಡ್ದೆ. ಗಾಡಿ ನಿಮ್ಮ ಕಡೆಗೇ ಬಂತು, ಮಲಗಿಸ್ದೆ. ಬೇರೆ ಎಂತ ಮಾಡದು ಭಾವ?' ಎಂದ. ಫೋಟೋವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಗಾಡಿಯನ್ನೋ ತನ್ನನ್ನೋ ತಿಳಿಯಲಿಲ್ಲ.

ಮಾವ ಒಳಗಿನಿಂದ ಬಂದು ಫೋಟೋ ಈಸಿಕೊಂಡರು. ಮುಖ ಚೆನ್ನಾಗಿ ಬಂದಿದೆ ಎಂದರು. ನಾನು ಎದ್ದು ನಿಂತು ಹೇಳಿದೆ. ನಾನು ಕರೆದದ್ದಕ್ಕೇ ಅವನು ಬಿದ್ದ, ಅವನ ಹುಚ್ಚಾಟ ಅಲ್ಲ, ಅಂತ.

ಮಾವ ಫೋಟೋ ಕೆಳಗಿಟ್ಟರು. 'ಅವತ್ತೇ ಯಾಕೆ ಹೇಳ್ಲಿಲ್ಲ ನೀವು? ನಾ ಕೇಳಿದ್ನಲ್ಲ.'

'ಗೊತ್ತಿರಲಿಲ್ಲ ಮಾವ. ಅಭ್ಯಾಸದ ಮಾತು, ಅಂದಿದ್ದೇ ನೆನಪಿರಲಿಲ್ಲ.'

'ಹೌದಪ್ಪ' ಎಂದ ಭಾವಮೈದ ಥಟ್ಟನೆ. 'ಗಾಡಿ ಸದ್ದು ಜೋರಿತ್ತು. ಅವರ ಮಾತು ಅವರಿಗೇ ಕೇಳಿರಲಿಕ್ಕಿಲ್ಲ.'

ಅವನು ನನಗಾಗಿ ಹೇಳಿದ ಎರಡನೆಯ ಜಲ್ಲಿ ಇದು. ಅವನ ಗಾಡಿಯ ಸದ್ದು ನನ್ನದರಷ್ಟು ಜೋರೇನಲ್ಲ. ಆ ದಿನ ಕಣದಲ್ಲಿ ನಾನು ಅಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತ್ತು. ಮಾವನ ಮುಂದೆ ಗಾದೆ ಹೇಳಿ ನಗುವಾಗಲೂ ಕಿವಿಯಲ್ಲಿ ಇತ್ತು.