ಎರಡನೇ ಬಿಸ್ಕತ್ತಿನ ಸೀಬ್ರನ್

ನಮ್ಮ ಲೇವಾರ್ಡನ್ ಊರಿನಲ್ಲಿ ಕಾಫಿಗೆ ಕರೆದವರು ಡಬ್ಬ ತೆರೆದು ಒಂದು ಬಿಸ್ಕತ್ತು ಕೊಡುತ್ತಾರೆ, ಮುಚ್ಚಳ ಹಾಕುತ್ತಾರೆ. ಮಾನವಂತರು ಇನ್ನೊಂದಕ್ಕೆ ಕೈ ಚಾಚುವುದಿಲ್ಲ. ಸೈಕಲ್ ರಿಪೇರಿಯ ಸೀಬ್ರನ್ ಚಾಚಿದ, ಅದೂ ಸಿನಿಮಾದಲ್ಲಿ.

ಅವನದು ಸಾವಿನ ಮನೆಗೆ ಬಂದ ಚಿಕ್ಕಪ್ಪನ ಪಾತ್ರ. ಎಲ್ಲರೂ ಅಳುತ್ತಿರುವಾಗ ಮೆಲ್ಲಗೆ ಎರಡನೇ ಬಿಸ್ಕತ್ತು ಎತ್ತಿಕೊಳ್ಳಬೇಕು, ಅಷ್ಟೇ ಕೆಲಸ. ಚಿತ್ರ ಬಂದಾಗ ಯಾರೂ ನೋಡಲಿಲ್ಲ. ಆಮೇಲೆ ಜನಕ್ಕೆ ಅದೇನು ಹುಚ್ಚು ಹಿಡಿಯಿತೋ, ಈಗ ವರ್ಷಕ್ಕೊಮ್ಮೆ ಅದನ್ನು ಹಾಕಿದಾಗ ಟಾಕೀಸಿಗೆ ಬಿಸ್ಕತ್ತಿನ ಡಬ್ಬ ಹಿಡಿದೇ ಬರುತ್ತಾರೆ. ಆ ದೃಶ್ಯಕ್ಕೆ "ಇನ್ನೊಂದ್ ತಗೋ, ಚಿಕ್ಕಪ್ಪಾ!" ಎಂದು ಅರಚುತ್ತಾರೆ. ಪಾಪ, ಸೀಬ್ರನ್ ಪಂಕ್ಚರ್ ಹಾಕುತ್ತ ಕೂತಿದ್ದರೂ ಅದೇ ಕೂಗು. ಅವನಿಗೆ ಸಾಕುಸಾಕಾಗಿತ್ತು.

ಅಷ್ಟರಲ್ಲಿ ದೂರದ ದ್ವೀಪವೊಂದರಿಂದ ಬಂದ ವಿಧವೆ, ಹೊಲಿಗೆಯ ಫ್ರೌಕೆ, ನನ್ನ ಪಕ್ಕದ ಮನೆ ಹಿಡಿದಳು. ಅವಳು ಆ ಚಿತ್ರದ ಹೆಸರೂ ಕೇಳಿದವಳಲ್ಲ. ಸೀಬ್ರನ್ ಅವಳ ಸೈಕಲ್ಲಿನ ಸರಿಯಾಗಿದ್ದ ಬ್ರೇಕನ್ನೂ ಸರಿಮಾಡತೊಡಗಿದ. ಚಿತ್ರ ಅವಳ ಕಣ್ಣಿಗೆ ಬೀಳುವ ಮೊದಲೇ ಮದುವೆಯ ಮಾತೆತ್ತಬೇಕೆಂದು ಅವನ ಆಸೆ. ಮಹಾರಾಯ ಬಾಯಿ ಬಿಟ್ಟರೆ ತಾನೇ! ಈ ವರ್ಷ ಅವಳ ಗಿರಾಕಿಗಳೇ ಅವಳನ್ನು ಟಾಕೀಸಿಗೆ ಎಳೆದೊಯ್ದರು.

ಮರುದಿನ ಫ್ರೌಕೆ ಸೀಬ್ರನ್ನನ್ನೂ ನನ್ನನ್ನೂ ಕಾಫಿಗೆ ಕರೆದಳು. ಒಬ್ಬನೇ ಬರಲು ಧೈರ್ಯ ಸಾಲದೆ ಅವನು ನನ್ನ ಬೆನ್ನಿಗಂಟಿಕೊಂಡು ಬಂದ. ಡಬ್ಬ ಮುಂದೆ ಬಂದರೆ ಒಂದನ್ನೂ ಮುಟ್ಟಲಿಲ್ಲ.

"ಯಾಕ್ರೀ, ಬೇಡ್ವಾ?" ಎಂದಳು ಫ್ರೌಕೆ.

"ಚಿತ್ರ ನೋಡ್ಬಿಟ್ರಲ್ಲ. ನಕ್ಬಿಡಿ, ಪರವಾಗಿಲ್ಲ."

"ನಗು ಎಲ್ಲಿಂದ ಬರ್ಬೇಕು? ನಿಮ್ಗೆ ನಟನೆ ಬರಲ್ಲ ಬಿಡಿ. ಕದಿಯೋರ ಕೈ ಹಂಗಾ ಇರೋದು?"

ಸೀಬ್ರನ್ನನ ಕಿವಿ ಕೆಂಪಾಯಿತು. "ಏನಂದ್ರಿ? ಇಡೀ ಚಿತ್ರ ನಿಂತಿರೋದೇ ಆ ಸೀನ್ ಮೇಲೆ! ನೋಡಿ ಇಲ್ಲಿ. ಮೊದ್ಲು ಕಣ್ಣು ಅಳೋರ ಕಡೆ. ಆಮೇಲೆ ಕೈ!" ಎಂದವನೇ ಒಂದು ಬಿಸ್ಕತ್ತು ತಿಂದು, ಅವಳು ಹಾಕಿದ ಮುಚ್ಚಳ ತಾನೇ ತೆಗೆದು ಇನ್ನೊಂದನ್ನು ಬಾಯಿಗೆ ತುರುಕಿದ. ನಕ್ಕೂ ನಕ್ಕೂ ನನಗೆ ಕಾಫಿ ನೆತ್ತಿಗೇರಿತು.

ಫ್ರೌಕೆ ನಗಲಿಲ್ಲ. "ಈಗ್ಲೂ ಅಷ್ಟಕ್ಕಷ್ಟೇ."

"ನಿಮ್ಮಂಥವ್ರ ಜೊತೆ ದಿನಾ ಹೆಂಗ್ರೀ ಬಾಳೋದು!"

"ಬಾಳಿ ಅಂತ ಯಾರ್ ಕರೆದ್ರು?"

ಸೀಬ್ರನ್ ಬಿಸ್ಕತ್ತು ನುಂಗಿದ. "ನಾನೇ... ಕೇಳೋಣ ಅಂತಿದ್ದೆ," ಎಂದ.

ಫ್ರೌಕೆ ಅವನ ಗಡ್ಡದಲ್ಲಿದ್ದ ಪುಡಿ ಕೊಡವಿದಳು. "ಆಯ್ತು, ಮದ್ವೆ ಆಗ್ತೀನಿ. ಆದ್ರೆ ಆ ಪಾತ್ರ ಮಾತ್ರ ನಿಮ್ ಕೈಲಾಗಿಲ್ಲ."

"ಮದ್ವೆ ಆಗ್ಲಿ," ಎಂದ ಸೀಬ್ರನ್, "ದಿನಾ ಮಾಡಿ ತೋರಿಸ್ತೀನಿ!"